ಕೆಂಚಿ ಮಲಗಿದರೆ ನನಗೆ ನಿದ್ದೆ

ಮೊದಲ ಸಲ ಬಿದ್ದಾಗ ನನ್ನ ಸುತ್ತ ಮಕ್ಕಳಿದ್ದರು.

ಕುಶಾಲನಗರದಿಂದ ಒಳಗಿರುವ ಒಂದು ಕಾಫಿ ಎಸ್ಟೇಟಿನಲ್ಲಿ ನನ್ನ ಗಂಡ ಲೆಕ್ಕಪತ್ರ ನೋಡುವ ರೈಟರ್. ಕಾಫಿ ಹಣ್ಣು ಕೀಳುವ ಪಿಕಿಂಗಿಗೆ ಬರುವ ಹೆಂಗಸರ ಪುಟ್ಟ ಮಕ್ಕಳನ್ನು ಸಂಜೆಯವರೆಗೆ ನೋಡಿಕೊಳ್ಳುವ ಕೆಲಸ ನನ್ನದು. ಅಂದು ಕಿತ್ತ ಹಣ್ಣಿನ ತೂಕ ಮುಗಿಸಿ ತಾಯಂದಿರು ಬರುವ ಹೊತ್ತು. ಬಾಯಲ್ಲಿ ಏನೋ ಕಬ್ಬಿಣದ ರುಚಿ ಬಂದಂತಾಯಿತು. ಆಮೇಲೆ ನೆನಪಿಲ್ಲ. ಕಣ್ಣು ಬಿಟ್ಟಾಗ ಯಾರೋ ನನ್ನ ಮುಷ್ಟಿಯೊಳಗೆ ಕೀಗೊಂಚಲು ತುರುಕಿದ್ದರು. ಸೀರೆ ಒದ್ದೆಯಾಗಿತ್ತು.

ಅದು ನೀರಲ್ಲವೆಂದು ಎಲ್ಲರಿಗೂ ಗೊತ್ತಾಗಿತ್ತು.

ಮೈಸೂರಿನ ಆಸ್ಪತ್ರೆಯಲ್ಲಿ ಇಇಜಿ, ಎಂಆರ್‌ಐ ಆದವು. ಫಿಟ್ಸ್ ಎಂದರು. "ಮಾತ್ರೆ ತಪ್ಪಿಸಬಾರದು, ನಿದ್ದೆ ಕೆಡಬಾರದು. ನಿಮಗೆ ಎರಡೂ ಔಷಧಿಯೇ," ಎಂದರು ಡಾಕ್ಟರಮ್ಮ. ಮತ್ತೆ ಬೀಳದೆ ಇದ್ದರೆ ಮಾತ್ರ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಎಂದೂ ಹೇಳಿದರು. ಕೇಳಿದವರಿಗೆಲ್ಲ ಬಿಪಿ ಲೋ ಆಗಿತ್ತು ಎಂದು ಹೇಳಿಕೊಂಡೆವು. ನಿಜವಾಗಿ ಹೇಳಿದ್ದು ನಾನು. ಗಂಡ, ಅತ್ತೆ ನನ್ನ ಮುಖ ನೋಡಿ ಹೂಂಗುಟ್ಟಿದರು.

ಮಾತ್ರೆ ನುಂಗುವುದು ಸುಲಭವಿತ್ತು. ನಿದ್ದೆ ಹಾಗಿರಲಿಲ್ಲ. ಕಾರಣ, ನನ್ನ ಬೆಕ್ಕು ಕೆಂಚಿ.

ಮನೆಯಲ್ಲೇ ಉಳಿದ ನನಗೆ ಕಾಫಿ ಒಣಗುವ ಕಣದಂಚಿನಲ್ಲಿ ಕೂತು ಕೂಲಿಯವರ ಲೈನುಮನೆಗಳ ಕೋಳಿಗಳನ್ನು ಓಡಿಸುವುದೇ ಕೆಲಸವಾಯಿತು. ಬಿಸಿಲಿಗೆ ಕಾದ ಕಾಫಿಯ ಮೇಲೆ ಕೆಂಚಿ ದಿನವಿಡೀ ಬಿದ್ದುಕೊಂಡಿರುತ್ತಿತ್ತು. ಎಬ್ಬಿಸಲು ಮನಸ್ಸು ಬರುತ್ತಿರಲಿಲ್ಲ. ಮಕ್ಕಳು ದೂರವಾದ ಮೇಲೆ ಅಂಜದೆ ನನ್ನ ಹತ್ತಿರ ಬರುತ್ತಿದ್ದುದು ಅದೊಂದೇ. ಹಗಲು ನಿದ್ದೆ ಮುಗಿಸಿದ ಬೆಕ್ಕು ರಾತ್ರಿ ಏನು ಮಾಡಬೇಕು? ಹೊದಿಕೆ ಎಳೆಯುತ್ತಿತ್ತು, ಕಾಲ್ಬೆರಳು ಕಚ್ಚುತ್ತಿತ್ತು. ಅದು ಕೂಗಿದರೆ ಯಾರಿಗಾದರೂ ಕೇಳೀತೆಂದು ನಾನು ಕಳ್ಳಹೆಜ್ಜೆಯಲ್ಲಿ ಹೋಗಿ ಹಾಲು ಹಾಕುತ್ತಿದ್ದೆ. ಕೂಗಿದರೆ ಹಾಲು ಸಿಗುತ್ತದೆಂದು ಅದಕ್ಕೆ ಕಲಿಸಿಕೊಟ್ಟವಳೂ ನಾನೇ.

ಹೇಳಿಕೊಳ್ಳಲು ಭಯವಿತ್ತು. ನಮ್ಮಲ್ಲಿ ಬೇಡವಾದ ಬೆಕ್ಕನ್ನು ಗೋಣಿಚೀಲಕ್ಕೆ ಹಾಕಿ, ಕ್ಯೂರಿಂಗ್ ಕಾರ್ಖಾನೆಗೆ ಕಾಫಿ ಒಯ್ಯುವ ಲಾರಿಯಲ್ಲಿ ಕಳಿಸಿ, ದೂರದಲ್ಲಿ ಬಿಟ್ಟು ಬರುವುದು ರೂಢಿ. ಅಂಥ ಚೀಲದ ಬಾಯಿ ಕಟ್ಟುವುದರಲ್ಲಿ ಅತ್ತೆಯದು ಎತ್ತಿದ ಕೈ.

ಹಾಗಾಗಿ ಡಾಕ್ಟರಮ್ಮ ಕೇಳಿದಾಗ, "ನಿದ್ದೆ ಚೆನ್ನಾಗಿ ಬರುತ್ತೆ," ಎಂದುಬಿಟ್ಟೆ.

ಮತ್ತೆ ಬಿದ್ದೆ.

ಈ ಸಲ ಬಚ್ಚಲಲ್ಲಿ. ತುಟಿ ಸೀಳಿ ಹೊಲಿಗೆ ಬಿತ್ತು. ಗಂಡನಿಗೆ ಪಿಕಿಂಗ್ ಬಿಟ್ಟು ಬರಲಾಗದೆ ಅತ್ತೆಯೇ ಮೈಸೂರಿಗೆ ಜೊತೆ ಬಂದರು. "ಸರಿಯಾಗಿ ನಿದ್ದೆ ಮಾಡಿಯೂ ಬಂದಿದೆ ಅಂದರೆ ಇನ್ನೊಂದು ಮಾತ್ರೆ ಸೇರಿಸಬೇಕಾಗುತ್ತೆ," ಎನ್ನುತ್ತ ಡಾಕ್ಟರಮ್ಮ ಪೆನ್ನು ಎತ್ತಿಕೊಂಡರು.

"ಸುಳ್ಳು ಹೇಳ್ತಾಳೆ ಡಾಕ್ಟ್ರೇ," ಎಂದರು ಅತ್ತೆ. "ರಾತ್ರಿಯೆಲ್ಲ ಬೆಕ್ಕಿನ ಚಾಕರಿ ಮಾಡ್ತಾಳೆ. ಗೋಡೆ ಆಚೆ ಮಲಗೋ ನಂಗೆ ಕೇಳ್ಸಲ್ವಾ?"

ನಾಚಿಕೆಯಿಂದ ಕುಗ್ಗಿಹೋದೆ. ಇಷ್ಟು ದೊಡ್ಡ ಆಸ್ಪತ್ರೆ, ಇಷ್ಟೊಂದು ಸ್ಕ್ಯಾನು, ಕೊನೆಗೆ ನನ್ನ ಕಾಯಿಲೆಯಲ್ಲಿ ಒಂದು ಬೆಕ್ಕು.

ಡಾಕ್ಟರಮ್ಮ ನಗಲಿಲ್ಲ. ಪೆನ್ನು ಕೆಳಗಿಟ್ಟರು. ಬೆಕ್ಕನ್ನು ಹಗಲು ಮಲಗಲು ಬಿಡಬೇಡಿ, ಸಂಜೆ ಸುಸ್ತಾಗುವ ಹಾಗೆ ಆಡಿಸಿ, ನೀವು ಮಲಗುವ ಮುಂಚೆ ಹೊಟ್ಟೆ ತುಂಬಿಸಿ, ಬೇರೆ ಕಡೆ ಹಾಸಿಗೆ ಮಾಡಿ, ಅದು ಎಷ್ಟು ಕೂಗಿದರೂ ಏಳಬೇಡಿ ಎಂದರು. "ಡೋಸ್ ಹಾಗೇ ಇರಲಿ. ಮೊದಲು ನಿದ್ದೆ ಸರಿ ಮಾಡಿ ನೋಡೋಣ. ನನ್ನ ಹತ್ತಿರ ಮಾತ್ರ ಸುಳ್ಳು ಹೇಳಬೇಡಿ."

ಬಸ್ಸಿನಲ್ಲಿ ತಡೆಯಲಾಗಲಿಲ್ಲ. "ಅತ್ತೆ, ಕೆಂಚೀನ ಲಾರಿಗೆ ಹಾಕ್ಬೇಡಿ."

ಅವರು ಕಿಟಕಿಯಾಚೆ ನೋಡುತ್ತ, "ಹಾಕೋಳಾಗಿದ್ರೆ ಯಾವತ್ತೋ ಹಾಕ್ತಿದ್ದೆ. ದಿನಾ ಬೆಳಿಗ್ಗೆ ಹಾಲಿನ ಪಾತ್ರೆ ನೋಡಿ ಸುಮ್ನಿದ್ನಲ್ಲ, ಯಾಕೆ ಅಂದ್ಕೊಂಡೆ?" ಎಂದರು. ಅವರನ್ನು ಇಷ್ಟು ವರ್ಷ ಏನೆಂದು ತಿಳಿದಿದ್ದೆನೋ ಎಂದು ಕುಶಾಲನಗರ ಬರುವವರೆಗೂ ಒಳಗೊಳಗೇ ಅಳುತ್ತಿದ್ದೆ.

ಮರುದಿನದಿಂದ ಕೆಂಚಿ ಕಣದಲ್ಲಿ ಮೈ ಚಾಚಿದಲ್ಲೆಲ್ಲ ಅತ್ತೆ ಕಾಫಿ ಹರಡುವ ನೆಪದಲ್ಲಿ ಹೋಗಿ ಎಬ್ಬಿಸಿದರು. ಸಂಜೆ, ಗೋಣಿ ಹೊಲಿಯುವ ದಾರದ ತುದಿಗೆ ಚಿಂದಿ ಕಟ್ಟಿ ಎಳೆದಾಡಿದರು. ಬೆಕ್ಕೆಂದರೆ ಆಗದ ಹೆಂಗಸು, ಮಂಡಿನೋವು ಬೇರೆ. ಆಮೇಲೆ ಹಾಲನ್ನ, ಒಲೆಯ ಪಕ್ಕದಲ್ಲಿ ಹಾಸಿಗೆ. ಮೊದಮೊದಲು ಕೆಂಚಿ ಕೂಗಿ ಕರೆಯಿತು. ನಾನು ಎದ್ದು ಕೂತರೆ ಸಾಕು, ಗೋಡೆಯಾಚೆಯಿಂದ "ಮಲ್ಕೋ!" ಎಂಬ ಗದರಿಕೆ. ನಮ್ಮಿಬ್ಬರಲ್ಲಿ ಯಾರಿಗೆ ಹೇಳಿದ್ದೋ, ಬರಬರುತ್ತ ಇಬ್ಬರೂ ಮಲಗಿದೆವು.

ಆಮೇಲೆ ಇದುವರೆಗೆ ಬಿದ್ದಿಲ್ಲ. ಮುಂದೆ ಬೀಳುವುದಿಲ್ಲ ಎಂದು ಯಾರೂ ಹೇಳಿಲ್ಲ. ಮಕ್ಕಳ ಕೆಲಸಕ್ಕೆ ಡಾಕ್ಟರಮ್ಮ ಇನ್ನೂ ಹೂಂ ಎಂದಿಲ್ಲ.

ಮೊನ್ನೆ ಸಂಜೆ ಪಿಕಿಂಗ್ ಮುಗಿಸಿ ಹೋಗುತ್ತಿದ್ದ ಹೆಂಗಸರು ನಮ್ಮ ಕಣದ ಮುಂದೆ ನಿಂತರು. "ಏನಮ್ಮಾ, ಈ ವಯಸ್ಸಲ್ಲಿ ಬೆಕ್ಕಿನ ಜೊತೆ ಆಟ?" ಎಂದು ಒಬ್ಬಳು ನಕ್ಕಳು.

ಅತ್ತೆ ದಾರ ಎಳೆಯುವುದನ್ನು ನಿಲ್ಲಿಸಲಿಲ್ಲ. "ನಮ್ ಸೊಸೆಗೆ ಫಿಟ್ಸ್ ಕಣ್ರವ್ವ. ಇದು ಮಲಗಿದ್ರೇನೆ ಅವ್ಳಿಗೆ ನಿದ್ದೆ."

ಎಲ್ಲರೂ ನನ್ನತ್ತ ತಿರುಗಿದರು. ಮುಖಕ್ಕೆ ಬೆಂಕಿ ಬಿದ್ದಂತಾಯಿತು. ಎದ್ದು ಒಳಗೆ ಹೋಗಲು ಬಾಗಿಲವರೆಗೆ ನಡೆದೆ. ಹಿಂದಿನಿಂದ ಅತ್ತೆ ಮಂಡಿ ಹಿಡಿದು ಉಸ್ಸೆಂದದ್ದು ಕೇಳಿಸಿತು.

ತಿರುಗಿ ಬಂದು ಅವರ ಕೈಯಿಂದ ದಾರ ತೆಗೆದುಕೊಂಡೆ. ಅವರೆಲ್ಲರ ಎದುರಿಗೇ, ಕಣದಲ್ಲಿ ಕುಕ್ಕರುಗಾಲಲ್ಲಿ ಕೂತೆ.