ಅತ್ತೆ ಆರಿಸಿದ ಮೀನಿನ ಹೋಟೆಲುಗಳು

ಜಯನಗರದಲ್ಲಿ ನಾವಿದ್ದ ಬಾಡಿಗೆ ಮನೆಗೆ ಓನರ್ ಹಾಕಿದ್ದ ಷರತ್ತು ಒಂದೇ. ಮೀನು ಬೇಯಿಸಬಾರದು. ಅಪ್ಪ ಮರುಮಾತಿಲ್ಲದೆ ಒಪ್ಪಿದರು. ಐವತ್ತರ ದಶಕದ ಆ ದಿನಗಳಲ್ಲಿ ಬಡಾವಣೆ ಇನ್ನೂ ಹೊಸದು, ಮನೆಗಳು ದೂರದೂರ, ಬನಶಂಕರಿಯ ಕಡೆ ತಿರುಗಿದರೆ ಬರೀ ಹೊಲ. ಆದರೂ ಒಂದು ಮನೆಯ ಒಗ್ಗರಣೆಯ ವಾಸನೆ ಇನ್ನೊಂದು ಮನೆಗೆ ಮುಟ್ಟುತ್ತಿತ್ತು. ಹೀಗಾಗಿ ಕರಾವಳಿಯಿಂದ ಬಂದ ನಮಗೆ ಮೀನು ಎಂದರೆ ಪ್ರಯಾಣದ ಊಟವಾಯಿತು. ವರ್ಷಕ್ಕೊಮ್ಮೆ, ಬೇಸಿಗೆ ರಜೆಯಲ್ಲಿ, ಅಪ್ಪನ ಹಳೇ ಕಾರಿನಲ್ಲಿ ಘಟ್ಟ ಇಳಿದು ಊರಿಗೆ ಹೋಗುವಾಗ ಮಾತ್ರ.

ಕಾರಿನಲ್ಲಿ ಮೂರೇ ಜನ. ಅಪ್ಪ, ನಾನು, ಅತ್ತೆ. ಅತ್ತೆ ಅಪ್ಪನ ಅಕ್ಕ. ನಾನು ಹುಟ್ಟಿದ ವರ್ಷವೇ ಅಮ್ಮ ತೀರಿಕೊಂಡಾಗ ನನ್ನನ್ನು ಸಾಕಲು ಬಂದವರು, ಹಾಗೇ ಉಳಿದುಬಿಟ್ಟರು. ಅವರ ಗಂಡ ಅದಕ್ಕೂ ಎಷ್ಟೋ ಮೊದಲೇ ಹೋಗಿದ್ದರು. ನಮ್ಮವರಲ್ಲಿ ಮೀನು ತಿನ್ನುವುದು ತಪ್ಪಲ್ಲ. ಗಂಡ ಸತ್ತ ಹೆಂಗಸು ತಿನ್ನುವುದು ತಪ್ಪು.

ಆದರೆ ಹೋಟೆಲು ಆರಿಸುತ್ತಿದ್ದವರು ಅತ್ತೆಯೇ. ಘಟ್ಟ ಇಳಿದು ಸೆಖೆ ಶುರುವಾಗುತ್ತಿದ್ದಂತೆ ಅವರು ಸೀಟಿನಲ್ಲಿ ಮುಂದಕ್ಕೆ ಬಂದು ಕೂರುತ್ತಿದ್ದರು. ಪೇಟೆ ಬಂದರೆ ಅಪ್ಪ ಕಾರು ನಿಲ್ಲಿಸಬೇಕು, ಅತ್ತೆ ಒಬ್ಬರೇ ಇಳಿಯಬೇಕು, ನಾವು ಕಾಯಬೇಕು. ಸೆರಗು ತಲೆಯ ಮೇಲೆ ಎಳೆದುಕೊಂಡು ಅವರು ಹೋಟೆಲಿನ ಮುಂಬಾಗಿಲಿಗಲ್ಲ, ಹಿತ್ತಿಲಿಗೆ ಹೋಗುತ್ತಿದ್ದರು. ಅಡುಗೆಯ ವಾಸನೆ ಯಾರನ್ನು ಬೇಕಾದರೂ ಮರುಳು ಮಾಡುತ್ತೆ, ಮೀನು ತೊಳೆಯುವ ಕಲ್ಲು ಸುಳ್ಳು ಹೇಳಲ್ಲ ಅನ್ನುವುದು ಅವರ ಲೆಕ್ಕ. ಹಿತ್ತಿಲಿನ ಬೆಕ್ಕನ್ನು ನೋಡುತ್ತಿದ್ದರು. ಅದು ಯಾರ ಕಾಲಿಗೂ ಸುತ್ತಿಕೊಳ್ಳದೆ, ಹೊಟ್ಟೆ ತುಂಬಿ ಸುಮ್ಮನೆ ಬಿದ್ದುಕೊಂಡಿದ್ದರೆ ಒಳ್ಳೆಯ ಲಕ್ಷಣ. ಆಮೇಲೆ ಯಜಮಾನನನ್ನು ಕೇಳುತ್ತಿದ್ದ ಪ್ರಶ್ನೆ ಒಂದೇ: ಇವತ್ತು ಏನೇನಿಲ್ಲ? ಎಲ್ಲಾ ಇದೆ ಅಂದವನ ಹೋಟೆಲಿನ ಮೆಟ್ಟಿಲನ್ನೂ ಹತ್ತಲು ಬಿಡುತ್ತಿರಲಿಲ್ಲ. ಕಾಣೆ ಮೀನು ಬಂದಿಲ್ಲ, ಬಂಗುಡೆ ಒಂದೇ ಇರೋದು ಎಂದು ಮುಖ ಸಣ್ಣದು ಮಾಡಿಕೊಂಡು ಹೇಳಿದವನೇ ಪಾಸ್.

ನಾವು ಒಳಗೆ ಹೋಗುತ್ತಿದ್ದೆವು. ಅತ್ತೆ ಕಾರಿನಲ್ಲಿ ಕೂತು, ಮನೆಯಿಂದ ತಂದ ಡಬ್ಬಿ ಬಿಚ್ಚಿ, ಮೊಸರವಲಕ್ಕಿ ತಿನ್ನುತ್ತಿದ್ದರು.

ನನಗೆ ಅದರಲ್ಲಿ ವಿಶೇಷ ಕಂಡಿರಲಿಲ್ಲ. ಆದರೆ ನನ್ನನ್ನು ದಂಡಿನ ಕಾನ್ವೆಂಟಿಗೆ ಹಾಕಿದ್ದರು. ಕಂಟೋನ್ಮೆಂಟನ್ನು ನಮ್ಮ ಕಡೆ ಆಗ ದಂಡು ಅನ್ನುತ್ತಿದ್ದೆವು. ದಿನವೂ ಮಲಗುವ ಮುಂಚೆ ನಿಮ್ಮ ನಿಮ್ಮ ಕಾನ್ಶಿಯನ್ಸನ್ನು, ಅಂದರೆ ಮನಸ್ಸಾಕ್ಷಿಯನ್ನು, ತಡಕಿ ನೋಡಿಕೊಳ್ಳಿ ಎಂದು ನನ್‌ಗಳು ಕಲಿಸಿದ್ದರು. ಹದಿಮೂರು ವರ್ಷದ ಹುಡುಗಿಯ ಕಾನ್ಶಿಯನ್ಸಿನಲ್ಲಿ ಎಷ್ಟು ತಾನೇ ಇರುತ್ತದೆ? ಅದಕ್ಕೇ ನಾನು ಬೇರೆಯವರದನ್ನೂ ತಡಕುತ್ತಿದ್ದೆ. ಆ ವರ್ಷ, ಬಾಳೆಲೆಯ ಮೇಲೆ ಅಪ್ಪ ಬಂಗುಡೆಯ ಮುಳ್ಳು ಬಿಡಿಸುತ್ತಿದ್ದಾಗ ಕೇಳಿದೆ.

“ಅಪ್ಪ, ನಿಮ್ಮ ವೈಫ್ ಕೂಡ ತೀರಿಹೋದ್ರಲ್ಲ. ನೀವ್ಯಾಕೆ ತಿಂತೀರಿ?”

ಜಗಳಕ್ಕೆ ಕೇಳಿದ್ದಲ್ಲ. ಉತ್ತರ ಇದ್ದೇ ಇರುತ್ತದೆ ಅಂದುಕೊಂಡೇ ಕೇಳಿದ್ದೆ. ಅಪ್ಪನ ಕೈ ಅಲ್ಲೇ ನಿಂತಿತು. ಅವರು ಎಷ್ಟೋ ವರ್ಷಗಳಿಂದ ಆ ಪ್ರಶ್ನೆಯನ್ನು ಪಕ್ಕಕ್ಕಿಟ್ಟುಕೊಂಡೇ ಊಟ ಮಾಡುತ್ತಿದ್ದರೆಂದು ಆಗ ಮುಖ ನೋಡಿಯೇ ಗೊತ್ತಾಯಿತು. ಕೈ ತೊಳೆದುಕೊಂಡು ಹೊರಗೆ ಹೋಗಿ, ಅತ್ತೆಯನ್ನು ಕರೆದುಕೊಂಡು ಬಂದು ನನ್ನ ಪಕ್ಕ ಕೂರಿಸಿದರು. ಇನ್ನೊಂದು ಎಲೆ ಹಾಕಿಸಿ, ಅದರ ಮೇಲೆ ಹುರಿದ ಬಂಗುಡೆ ಇಡಿಸಿದರು.

“ತಿನ್ನು ಅಕ್ಕ. ಇಲ್ಲಿ ಯಾರಿದಾರೆ ನೋಡೋರು?”

ಅತ್ತೆ ಎಲೆಯನ್ನು ನೋಡಿದರು. ನನ್ನನ್ನು ನೋಡಿದರು. ನಾನು ಧೈರ್ಯ ತುಂಬುವವಳಂತೆ ನಗುತ್ತಿದ್ದೆ ಎಂದು ನೆನಪು.

“ನನಗೆ ಬೇಕಾಗಿದ್ರೆ ನಾನೇ ಕೇಳ್ತಿದ್ದೆ ಕಣೋ,” ಎಂದು ಎದ್ದು ಹೋದರು.

ಮುಂದಿನ ಊರಿನಲ್ಲಿ ಅಪ್ಪ ಕಾರು ನಿಲ್ಲಿಸಿದಾಗ ಅತ್ತೆ ಇಳಿಯಲಿಲ್ಲ. ಕಾಲು ನೋವು ಅಂದರು. ಕಾಲಿಗೆ ಏನೂ ಆಗಿರಲಿಲ್ಲ. ನಾನೂ ಅಪ್ಪನೂ ಸೇರಿ ಗೋಡೆಯ ತುಂಬ ಕನ್ನಡಿ ಹಾಕಿಸಿದ್ದ, ಮೇಜಿಗೆ ಬಟ್ಟೆ ಹಾಸಿದ್ದ ಹೋಟೆಲನ್ನು ಆರಿಸಿದೆವು. ಅಲ್ಲಿ ಎಲ್ಲ ಮೀನೂ ಇದ್ದವು. ಕೆಂಪು ಮಸಾಲೆಯನ್ನು ಗಾರೆಯ ಹಾಗೆ ಮೆತ್ತಿದ್ದರು, ಕೆಳಗಿದ್ದ ಮೀನು ಹತ್ತಿಯಂತೆ ಉದುರುತ್ತಿತ್ತು. ಅಪ್ಪ ಎರಡು ತುತ್ತು ತಿಂದು ಎಲೆ ಮಡಿಸಿದರು. ಜಯನಗರಕ್ಕೆ ವಾಪಸು ಬಂದ ಮೇಲೆ, ಇನ್ನು ಮುಂದೆ ತಾನು ಮೀನು ಮುಟ್ಟುವುದಿಲ್ಲ ಎಂದರು.

ಆಮೇಲಿನ ತಿಂಗಳುಗಳಲ್ಲಿ ಮನೆ ತುಂಬ ಸಭ್ಯವಾಗಿಬಿಟ್ಟಿತು. ಊರಿನ ದಾರಿಯ ಹೋಟೆಲುಗಳ ಮಾತು ಊಟದ ಹೊತ್ತಿನಲ್ಲಿ ವರ್ಷವಿಡೀ ಬರುತ್ತಿತ್ತು, ಅದು ನಿಂತಿತು. ಯಾವ ಸೇತುವೆ ದಾಟಿದ ಮೇಲೆ ಯಾವ ಹೋಟೆಲು, ಯಾರ ಅಡುಗೆಯವನು ಕೆಲಸ ಬಿಟ್ಟ ಎಂದು ಲೆಕ್ಕ ಹಾಕುತ್ತಿದ್ದ ಅತ್ತೆ ಈಗ ಸಾರು ಬಡಿಸಿ ಒಳಗೆ ಹೋಗುತ್ತಿದ್ದರು. ನಾನು ಹಾಸಿಗೆಯಲ್ಲಿ ನನ್‌ಗಳು ಕಲಿಸಿದಂತೆ ಕಾನ್ಶಿಯನ್ಸ್ ತೆಗೆದು ನೋಡಿದರೆ ಅಲ್ಲಿ ಬಂಗುಡೆ ಮಲಗಿರುತ್ತಿತ್ತು. ನಗು ಬರುವ ಮಾತು, ಆದರೆ ಆಗ ನಗು ಬರುತ್ತಿರಲಿಲ್ಲ.

ಮತ್ತೆ ಬೇಸಿಗೆ ಹತ್ತಿರ ಬಂತು. ಈ ಸಲ ದಾರಿಗೆ ಮೂವರಿಗೂ ಮೊಸರವಲಕ್ಕಿಯೇ ಸಾಕು ಎಂದು ಅಪ್ಪ ಹೇಳಿದ ದಿನ ಅತ್ತೆ ಸೌಟನ್ನು ಪಾತ್ರೆಯೊಳಕ್ಕೆ ಬಿಟ್ಟುಬಿಟ್ಟರು.

“ನನ್ನ ಹೆಸರಲ್ಲಿ ಉಪವಾಸ ಮಾಡಿ ಪುಣ್ಯ ಬೇರೆ ಕಟ್ಕೋತೀಯಾ? ಮೀನು ಬಿಟ್ಟಾಗ ನನಗೆ ಅಷ್ಟು ಕಷ್ಟ ಆಗ್ಲಿಲ್ಲ ಕಣೋ. ನಿಮಗೆ ಒಳ್ಳೇದು ಹುಡುಕಿ ಕೊಡೋದು ಒಂದು ಉಳಿದಿತ್ತು. ಅದನ್ನ ಇಬ್ಬರೂ ಸೇರ್ಕೊಂಡು ಕಿತ್ಕೊಂಡ್ರಿ.”

ಇಬ್ಬರೂ ಎಂದಾಗ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು. ಅಪ್ಪ, ಹಾಗಾದರೆ ಏನು ಮಾಡಲಿ ಹೇಳು ಎಂದು ಸಣ್ಣ ಹುಡುಗನ ಹಾಗೆ ಕೇಳಿದರು. ಅತ್ತೆ ನನ್ನ ಕಡೆ ತಿರುಗಿ, ದಂಡಿನಲ್ಲಿ ಇಂಗ್ಲಿಷ್ ದೊರೆಗಳ ಥರ ಮೀನು ಕರಿದು ಮಾರುತ್ತಾರೆ ಅಂತ ಹೇಳಿದ್ದೆಯಲ್ಲ, ಅದು ಎಲ್ಲಿ ಎಂದರು. ಫಿಶ್ ಅಂಡ್ ಚಿಪ್ಸ್ ಅಂಗಡಿಗಳ ಬಗ್ಗೆ ಕ್ಯಾಥೊಲಿಕ್ ಗೆಳತಿಯರಿಂದ ಕೇಳಿ ನಾನು ವರದಿ ಒಪ್ಪಿಸಿದ್ದೆ. ಅವರು ಶುಕ್ರವಾರ ಮಾಂಸ ತಿನ್ನಲ್ಲ, ಬರೀ ಮೀನು ಎಂದೂ ಹೇಳಿದ್ದೆ. ಅತ್ತೆಗೆ ಅಷ್ಟು ಸಾಕಾಯಿತು. ಹೆಚ್ಚು ಮೀನು ಖರ್ಚಾಗುವ ದಿನವೇ ಹೋಗಬೇಕು, ಆವತ್ತು ಹಳೆಯದು ಉಳಿಯುವುದಿಲ್ಲ. ಶುಕ್ರವಾರ ಅಪ್ಪ ಆಫೀಸಿನಿಂದ ಬಂದಿದ್ದೇ ತಡ, ಹೊರಟೆವು. ದಿನಾ ಸ್ಕೂಲಿಗೆ ಹೋಗುವ ನನ್ನನ್ನು ಬಿಟ್ಟರೆ, ಜಯನಗರದವರಿಗೆ ದಂಡಿಗೆ ಹೋಗುವುದೂ ಆಗ ಪ್ರಯಾಣವೇ.

ಮೊದಲನೇ ಅಂಗಡಿಯ ಬಾಗಿಲಲ್ಲೇ ಅತ್ತೆ ಮೂಗು ಸಿಂಡರಿಸಿ ತಿರುಗಿದರು. ಎರಡನೆಯದು ಚಿಕ್ಕದು. ಕೌಂಟರಿನ ಹಿಂದೆ ಹೂವಿನ ಫ್ರಾಕು ತೊಟ್ಟ ಆಂಗ್ಲೋ ಇಂಡಿಯನ್ ಹೆಂಗಸು. ಅತ್ತೆ ಕನ್ನಡದಲ್ಲಿ ಕೇಳುವುದು, ನಾನು ಅದಕ್ಕೆ ಪ್ಲೀಸು, ಮೇಡಂ ಎಲ್ಲ ಹಚ್ಚಿ ಇಂಗ್ಲಿಷು ಮಾಡುವುದು. ಮೀನು ಎಲ್ಲಿಂದ? ಮದರಾಸಿನ ರೈಲಿನಲ್ಲಿ, ಐಸಿನಲ್ಲಿ. ಎಣ್ಣೆ ಯಾವತ್ತಿನದು? ಆ ಪ್ರಶ್ನೆಗೆ ಆಕೆ, ಹಾಗಿದ್ದರೆ ನಿಮ್ಮ ಆಂಟಿಯೇ ಬಂದು ಕರಿಯಲಿ ಎಂದು ಗೊಣಗಿದಳು. ನಾನು ಅದನ್ನೂ ಕನ್ನಡ ಮಾಡಿದೆ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೌಂಟರಿನ ಹಲಗೆ ಎತ್ತಿ ಒಳಗೇ ನಡೆದುಬಿಟ್ಟರು. ಅಪ್ಪ ಗಾಬರಿಯಾಗಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಒಳಗೆ ಏನು ನಡೆಯಿತೋ, ಹೊರಗೆ ಬಂದಾಗ ಆ ಹೆಂಗಸು ನಗುತ್ತಿದ್ದಳು, ಬಾಣಲೆಗೆ ಹೊಸ ಎಣ್ಣೆ ಬಿದ್ದಿತ್ತು.

ಅತ್ತೆ ಈ ಸಲ ಹೊರಗೆ ಕೂರಲಿಲ್ಲ. ನಮ್ಮ ಎದುರಿನ ಕುರ್ಚಿಯಲ್ಲೇ, ನಿಂಬೆಹಣ್ಣಿನ ಸೋಡಾ ಮುಂದಿಟ್ಟುಕೊಂಡು ಕೂತರು. ಅಪ್ಪ ವರ್ಷದ ಮೊದಲ ತುಂಡು ಬಾಯಿಗಿಟ್ಟರು. ಚೆನ್ನಾಗಿದೆ ಅಕ್ಕ, ಎಂದಷ್ಟೇ ಹೇಳಿ ಮೀನು ಕಟ್ಟಿಕೊಟ್ಟಿದ್ದ ಪೇಪರಿನ ಕಡೆ ಬಗ್ಗಿದರು.

“ಅವನಿಗೆ ಹೇಳೋಕೆ ಬರಲ್ಲ. ನೀನು ಹೇಳೇ,” ಎಂದರು ಅತ್ತೆ ನನಗೆ.

ಮೇಲೆ ಗರಿಗರಿಯಾಗಿದೆ, ಒಳಗೆ ಬೆಳ್ಳಗೆ ಪದರ ಪದರವಾಗಿ ಬಿಡುತ್ತೆ, ಒಂದೂ ಮುಳ್ಳಿಲ್ಲ ಎಂದೆ. ಮುಳ್ಳಿಲ್ಲದ ಮೇಲೆ ಅದೇನು ಮೀನು ಎಂದು ಅತ್ತೆ ಕೊಂಕು ತೆಗೆದರು. ಪರವಾಗಿಲ್ಲ ಅತ್ತೆ, ಸುಮಾರಾಗಿದೆ ಎಂದೆ. ಆದರೆ ಅಂಥ ಮೀನನ್ನು ನಾನು ಅದುವರೆಗೆ ತಿಂದೇ ಇರಲಿಲ್ಲ. ಅವರ ಸೋಡಾ ನೋಡುತ್ತಾ ಅದನ್ನು ಹೇಳಲು ನಾಲಗೆ ಏಳಲಿಲ್ಲ.

ಅತ್ತೆ ಸೋಡಾದ ಲೋಟವನ್ನು ಪಕ್ಕಕ್ಕೆ ಸರಿಸಿದರು.

“ಕಡಿಮೆ ಮಾಡಿ ಹೇಳ್ತಿದೀಯ. ಸರಿಯಾಗಿ ಹೇಳು.”

ಇನ್ನೊಂದು ತುಂಡು ಬಾಯಿಗಿಟ್ಟುಕೊಂಡು, ಮೊದಲಿನಿಂದ ಹೇಳತೊಡಗಿದೆ.