ಧೂಳು ಹಿಡಿಯಲು ಅಪ್ಪನ ಪಟ್ಟಾಪಟ್ಟಿ ಚಡ್ಡಿ

ಸ್ವಿಚ್ ಹಾಕಿದ್ದೇ ತಡ, ಅಪ್ಪನ ಹಳೆಯ ಪಟ್ಟಾಪಟ್ಟಿ ಚಡ್ಡಿ ಗಾಳಿ ತುಂಬಿಕೊಂಡು, ಒಳಗೆ ಯಾರೋ ಇದ್ದಾರೆನ್ನುವಂತೆ ಉಬ್ಬಿ ನಿಂತಿತು. ಶೆಡ್ಡಿನ ಬಾಗಿಲಲ್ಲಿದ್ದ ಪಕ್ಕದ ಮನೆಯ ನಿಂಗಮ್ಮತ್ತೆ ಎರಡು ಹೆಜ್ಜೆ ಹಿಂದಕ್ಕೆ ಹಾರಿದರು.

"ಅಯ್ಯೋ, ಇದ್ಯಾರ್ಲಾ? ತಲೆನೇ ಇಲ್ವಲ್ಲಾ!"

ಕಂಪ್ಯೂಟರ್ ಹೇಳಿದಂತೆ ಮರ ಕೆತ್ತಲು ನಾನೇ ಜೋಡಿಸಿಕೊಂಡ ಸಿಎನ್‌ಸಿ ಯಂತ್ರದ ಧೂಳು ಹೀರುವ ಫ್ಯಾನಿಗೆ ಒಂದು ಚೀಲ ಬೇಕಿತ್ತು. ಚಡ್ಡಿಯ ಎರಡೂ ಕಾಲುಗಳ ತುದಿ ಹೊಲಿದು, ಲಾಡಿಯನ್ನು ಪೈಪಿಗೆ ಬಿಗಿದಿದ್ದೆ. ಅತ್ತೆ ಬಂದದ್ದು ತಪಾಸಣೆಗೆ. ಅವರ ರೇಷ್ಮೆ ಹುಳುವಿನ ಮನೆ ನಮ್ಮ ಗೋಡೆಯಾಚೆಗೇ ಇದೆ. ಹಿಪ್ಪುನೇರಳೆ ಸೊಪ್ಪಿನ ಮೇಲೆ ಚೂರು ಮರದ ಪುಡಿ ಕಂಡರೂ ಯಂತ್ರವನ್ನು ಬಾವಿಗೆ ಹಾಕಿಸುತ್ತೇನೆ ಎಂದು ಮೊದಲೇ ಹೇಳಿದ್ದರು.

ಒಂದು ಹಲಗೆ ಕೆತ್ತಿ ಮುಗಿಯುವವರೆಗೂ ಅವರು ಕದಲಲಿಲ್ಲ. ಆಮೇಲೆ ಕಿಟಕಿಯ ದಂಡೆಯ ಮೇಲೆ ಬೆರಳೆಳೆದು ನೋಡಿದರು, ಮೂಸಿದರು. ಬೆರಳಿಗೆ ಏನೂ ಹತ್ತಿರಲಿಲ್ಲ. ಆದರೆ ಚಡ್ಡಿಯ ಹಿಂಭಾಗದ ಸವೆದ ಬಟ್ಟೆಯಿಂದ ಪುಡಿ ಸಣ್ಣಗೆ ಹೊಗೆಯಾಡುತ್ತಿತ್ತು. ಅದನ್ನೇ ದಿಟ್ಟಿಸಿ, ದಡದಡನೆ ಮನೆಯತ್ತ ಹೊರಟರು. ನನ್ನ ಯಂತ್ರದ ಕಥೆ ಮುಗಿಯಿತು ಎಂದುಕೊಂಡೆ.

ಐದೇ ನಿಮಿಷಕ್ಕೆ ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ವಾಪಸಾದರು. ನೋಡಿದರೆ, ಗಂಡನ ಪಟ್ಟಾಪಟ್ಟಿ ಚಡ್ಡಿ.

"ತಗಾ, ಅದ್ರ ಮೇಲೆ ಇದ್ನೂ ತೊಡ್ಸು. ನಿಮ್ಮಾವಂಗೆ ಮಾತ್ರ ಹೇಳ್ಬ್ಯಾಡ ಕಣ್ಲಾ."

ಗದ್ದೆ ಬದುವಿನ ಜಗಳಕ್ಕೆ ಅಪ್ಪನೂ ಆ ಮಾವನೂ ಮಾತು ಬಿಟ್ಟು ಎಷ್ಟೋ ವರ್ಷವಾಯಿತು. ಎದುರು ಸಿಕ್ಕರೆ ಈಗಲೂ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ನನ್ನ ಶೆಡ್ಡಿನಲ್ಲಿ ಮಾತ್ರ ಇಬ್ಬರ ಚಡ್ಡಿಗಳೂ ಒಂದೇ ಪೈಪಿಗೆ ಕಟ್ಟಿಸಿಕೊಂಡು, ದಿನವೂ ಒಟ್ಟಿಗೆ ಎದ್ದು ನಿಲ್ಲುತ್ತವೆ.