ಬದುಕಿದ್ದವನಿಗೆ ಪುಷ್ಪಾರ್ಚನೆ

ಗಡಿಯ ಕಡೆ ಉಗ್ರರು ಬರಿಗೈ ಜನರನ್ನು ಗುಂಡಿಟ್ಟು ಕೊಂದ ಸುದ್ದಿ ಬಂದ ಮೇಲೆ ನಮ್ಮ ವಾಡಿಯಲ್ಲಿ ಯುದ್ಧ ಮಾಡದ ಗಂಡಸೇ ಉಳಿಯಲಿಲ್ಲ. ಸ್ಟೇಶನ್ನಿನ ಹೊರಗಿನ ಚಹಾದಂಗಡಿ, ಕಟಿಂಗ್ ಅಂಗಡಿ, ಶಹಾಬಾದಿನ ಬಸ್ಸು, ಎಲ್ಲಿ ಕಿವಿಗೊಟ್ಟರೂ ಸೈನ್ಯ ಹೊರಟಿತ್ತು. ನಾನು ಶಹಾಬಾದಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ, ದಿನಾ ಬಸ್ಸಿನಲ್ಲೇ ಹೋಗಿ ಬರುತ್ತೇನೆ. ಹಿಂದಿನ ಸೀಟಿನವರೊಬ್ಬರು ಶೇಂಗಾ ಸುಲಿದು ಸಿಪ್ಪೆಯನ್ನು ನನ್ನ ಕಾಲ ಬಳಿ ಉದುರಿಸುತ್ತಾ, “ಒಳಗ ನುಗ್ಗಿ ಹೊಡಿಬೇಕ್ರಿ. ಊರಿಗ ಊರೇ ಸಾಫ್ ಮಾಡಬೇಕು. ಮಾತುಗೀತು ಎಲ್ಲಾ ಬಂದ್,” ಎನ್ನುತ್ತಿದ್ದರು. ಅವರ ಪಕ್ಕದವರು, “ಹೊಡದ್ರ ಮತ್ತ ಹುಟ್ಟತಾರ್ರಿ. ಆ ದೊಡ್ಡ ದೇಶದವರು ಇಪ್ಪತ್ತು ವರ್ಷ ಹೊಡದ್ರಲ್ಲ, ಏನಾತು?” ಎಂದರೆ ಇವರಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಇಬ್ಬರೂ ಶಹಾಬಾದ್ ಬಂದ ಕೂಡಲೇ ಜಗಳ ಮರೆತು, ಒಂದೇ ಬೀಡಿಯಲ್ಲಿ ಪಾಲು ಮಾಡಿಕೊಂಡು ಇಳಿದು ಹೋಗುತ್ತಿದ್ದರು.

ಕೊಂದವರ ಮೇಲೆ ನನಗೂ ಸಿಟ್ಟಿತ್ತು. ಆ ಹೆಣಗಳನ್ನು ಟಿವಿಯಲ್ಲಿ ನೋಡಿ ನಾನೂ ಅತ್ತಿದ್ದೇನೆ. ಆದರೆ ಏನು ಮಾಡಬೇಕು ಎಂದು ಯಾರಾದರೂ ಕೇಳಿದ್ದರೆ ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಮಂದಿ ಇಷ್ಟು ಸುಲಭವಾಗಿ, ಬಾಯಲ್ಲಿ ಗುಟ್ಕಾ ಇಟ್ಟುಕೊಂಡು, ಉತ್ತರ ಕೊಡತೊಡಗಿದರೆ ಮಾತ್ರ ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದೆ. ಯಾಕೆಂದರೆ ನುಗ್ಗಿ ಹೊಡೆಯಬೇಕಾದವರಲ್ಲಿ ನಮ್ಮಕ್ಕನ ಮಗನೂ ಒಬ್ಬ.

ಅಕ್ಕ ಇರುವುದು ವಾಡಿಗೆ ಹತ್ತಿರದ ರಾವೂರಿನಲ್ಲಿ. ಭಾವ ಕಲ್ಲಿನ ಗಣಿಗೆ ಹೋಗುತ್ತಾರೆ, ಅಕ್ಕ ಎಮ್ಮೆ ಕಟ್ಟಿದ್ದಾಳೆ. ಒಬ್ಬನೇ ಮಗ. ಸೈನ್ಯ ಸೇರಿ ಕೆಲವು ವರ್ಷಗಳಾಗಿದ್ದವು, ಆಗ ಗಡಿಯಲ್ಲೇ ಇದ್ದ. ನಮ್ಮವರು ಆಚೆ ಹೋಗಿ ಹೊಡೆದರು ಎಂಬ ಸುದ್ದಿ ಬಂದ ದಿನದಿಂದ ಅವನ ಫೋನು ಬಂದ್. ಅಕ್ಕ ಹಾಲು ಕರೆಯುವಾಗಲೂ ಮೊಬೈಲನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿರುತ್ತಿದ್ದಳು.

“ಹೊಡಿಬ್ಯಾಡ ಅಂತ ನಾ ಅನ್ನಂಗಿಲ್ಲ ತಂಗಿ,” ಎಂದಿದ್ದಳು ಒಮ್ಮೆ. “ಗಂಡನ ಹೆಣದ ಮುಂದ ಕುಂತಾಕಿನ್ನ ಟಿವ್ಯಾಗ ನೋಡೀನಿ. ಹೊಡಿಲಿ. ಖರೆ ಹೊಡಿಯಾಕ ಹೋದಾಂವ ನನ್ನ ಮಗ ಹಾನಲ್ಲ, ಅದಕ್ಕ ಕೂಳು ಗಂಟಲದಾಗ ಇಳಿವಲ್ದು.” ಆ ದಿನಗಳಲ್ಲಿ ನಾನು ಕೇಳಿದ ವಾದಗಳಲ್ಲೆಲ್ಲ ಇದೊಂದೇ ನನಗೆ ಮರ್ಯಾದಸ್ಥ ವಾದ ಅನ್ನಿಸಿತು.

ಅಂಥ ಹೊತ್ತಿನಲ್ಲಿ ಅವರು ಬಂದರು. ವಾಡಿಯ ಒಂದು ಸಂಘದವರು, ಬಿಳಿ ಬಟ್ಟೆ, ಜೇಬಿನಲ್ಲಿ ಎರಡೆರಡು ಮೊಬೈಲು. ಭಾನುವಾರವಾದ್ದರಿಂದ ನಾನೂ ಅಕ್ಕನ ಮನೆಯಲ್ಲಿದ್ದೆ. ‘ಭಯೋತ್ಪಾದನೆಗೆ ಸೈನ್ಯವೇ ಉತ್ತರವೇ?’ ಎಂದು ಒಂದು ಚರ್ಚಾಕೂಟ ಇಟ್ಟುಕೊಂಡಿದ್ದರಂತೆ. ಹೌದು ಎನ್ನಲು ಊರಿನ ಮುಖಂಡರೊಬ್ಬರು, ಅಲ್ಲ ಎನ್ನಲು ಕಲಬುರಗಿಯಿಂದ ಒಬ್ಬ ಪ್ರೊಫೆಸರು. ಯೋಧನ ತಾಯಿಯೇ ಮುಖ್ಯ ಅತಿಥಿ.

“ನಾ ಏನ್ ಮಾತಾಡ್ಲ್ಯಪ್ಪ?” ಎಂದಳು ಅಕ್ಕ.

“ನೀವು ಏನೂ ಮಾತಾಡಬ್ಯಾಡ್ರಿ ಅವ್ವಾರ. ಸ್ಟೇಜಿನ ಮ್ಯಾಲ ಕುಂತ್ರ ಸಾಕು.”

ಭಾವನನ್ನೂ ಕರೆಯಿರಿ ಎಂದೆ ನಾನು. ಅವರಲ್ಲೊಬ್ಬ ನನ್ನ ಕಡೆ ತಿರುಗಿ, ದೊಡ್ಡ ಗುಟ್ಟು ಹೇಳುವವನ ಹಾಗೆ ದನಿ ತಗ್ಗಿಸಿದ. “ತಂದಿ ಬ್ಯಾಡ್ರಿ ಮೇಡಂ. ತಾಯಿ ಇದ್ರ ಮಂದಿ ಕಣ್ಣಾಗ ನೀರು ಬರ್ತದ.” ಹೊಸ್ತಿಲ ಮೇಲೆ ಕುಳಿತಿದ್ದ ಭಾವ ಅದನ್ನು ಕೇಳಿಸಿಕೊಂಡರು. ಎದ್ದು ಎಮ್ಮೆಗೆ ನೀರು ಕುಡಿಸಲು ಹೋದರು.

ನನಗೆ ಮೈಯೆಲ್ಲ ಉರಿಯಿತು. ಆದರೆ ಅಕ್ಕ ಒಪ್ಪಿಕೊಂಡಳು. ಅಲ್ಲಿಗೆ ದೊಡ್ಡ ಮಂದಿ ಬರುತ್ತಾರೆ, ಅವರಲ್ಲಿ ಯಾರಿಗಾದರೂ ಮಗನ ಸುದ್ದಿ ತರಿಸಿ ಎಂದು ಕೇಳಬಹುದು ಎಂಬುದು ಅವಳ ಆಸೆ. ಹೋಗುವಾಗ ಅವರು ಗೋಡೆಯ ಮೇಲಿದ್ದ, ಅವನು ಯೂನಿಫಾರ್ಮಿನಲ್ಲಿರುವ ಫೋಟೋವನ್ನೂ ಕೇಳಿ ಇಸಿದುಕೊಂಡು ಹೋದರು.

ಮುಂದಿನದನ್ನು ತಿಳಿಯಬೇಕಾದರೆ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಇಲ್ಲಿ ಸೇಡಂ ಇರಲಿ, ಚಿಂಚೋಳಿ ಇರಲಿ, ಯಾವ ಕಾರ್ಯಕ್ರಮವೂ ಫೋಟೋಕ್ಕೆ ಹೂ ಹಾಕದೆ ಶುರುವಾಗುವುದಿಲ್ಲ. ವೇದಿಕೆಯ ಮೂಲೆಯಲ್ಲಿ ಒಂದು ಟೇಬಲ್ಲು, ಅದರ ಮೇಲೆ ಯಾರೋ ತೀರಿಹೋದ ದೊಡ್ಡವರ ಚಿತ್ರ. ಅದಕ್ಕೆ ಕುಂಕುಮ, ಊದಿನಕಡ್ಡಿ, ಸೇವಂತಿ ಹಾರ. ಅತಿಥಿಗಳು ಸಾಲಾಗಿ ಬಂದು ಹಿಡಿ ಹೂವು ಚೆಲ್ಲಿ ಕೈಮುಗಿಯಬೇಕು. ಇದಕ್ಕೆ ಪುಷ್ಪಾರ್ಚನೆ ಎಂದು ಹೆಸರು. ನಮ್ಮ ಶಾಲೆಯ ಅಡುಗೆಮನೆ ಉದ್ಘಾಟನೆಗೂ ಇದನ್ನು ಮಾಡಿದ್ದೇವೆ. ಕೈ ಎಷ್ಟು ರೂಢಿಯಾಗಿದೆಯೆಂದರೆ ತಲೆಗೆ ಕೆಲಸವೇ ಇಲ್ಲ.

ಕಲ್ಯಾಣ ಮಂಟಪ ತುಂಬಿತ್ತು. ನಾನು ಮುಂದಿನ ಸಾಲಿನಲ್ಲಿ ಕುಳಿತಿದ್ದೆ. ವೇದಿಕೆಯ ಮೂಲೆಯ ಆ ಟೇಬಲ್ಲಿನ ಮೇಲೆ ನಮ್ಮ ಹುಡುಗನ ಫೋಟೋ ಇತ್ತು. ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದರು. ಹಣೆಯ ಮೇಲೆ ಕುಂಕುಮದ ಬೊಟ್ಟು. ಮುಂದೆ ಊದಿನಕಡ್ಡಿಯ ಹೊಗೆ. ಎದ್ದು ಹೋಗಿ ಹೇಳಬೇಕು ಎನ್ನುವಷ್ಟರಲ್ಲಿ ನಿರೂಪಕ ಮೈಕ್ ಹಿಡಿದಿದ್ದ. “ಈಗ ವೀರಯೋಧನ ಭಾವಚಿತ್ರಕ್ಕೆ ಅವರ ಪೂಜ್ಯ ಮಾತೋಶ್ರೀಯವರಿಂದ ಪುಷ್ಪಾರ್ಚನೆ.”

ಯಾರೋ ಅಕ್ಕನ ಕೈಗೆ ಹೂವಿನ ತಟ್ಟೆ ಕೊಟ್ಟರು. ಅವಳು ತಟ್ಟೆ ನೋಡಿದಳು, ಫೋಟೋ ನೋಡಿದಳು. ವೇದಿಕೆಯ ಮೇಲಿದ್ದವರೆಲ್ಲ ಎದ್ದು ನಿಂತು ಕೈಮುಗಿದಿದ್ದರು. ಮುಖಂಡರು, ಪ್ರೊಫೆಸರು, ಹಾರ ಹಿಡಿದವರು, ಎಲ್ಲ ಬದುಕಿನಲ್ಲಿ ಬೇಕಾದಷ್ಟು ಸಾವು ನೋಡಿದ ಮಂದಿ. ಒಬ್ಬನಿಗೂ, ಒಬ್ಬನಿಗೂ ಹೊಳೆಯಲಿಲ್ಲ.

ಅಕ್ಕ ತಟ್ಟೆಯನ್ನು ನೆಲಕ್ಕಿಟ್ಟಳು. ಫೋಟೋ ಎತ್ತಿಕೊಂಡು, ಸೆರಗಿನಿಂದ ಮಗನ ಹಣೆಯ ಕುಂಕುಮ ಒರೆಸತೊಡಗಿದಳು. ಗಾಜಿಗೆ ಮೆತ್ತಿಕೊಂಡಿತ್ತು, ಬೇಗ ಹೋಗಲಿಲ್ಲ. ಎಂಜಲು ಹಚ್ಚಿ ಒರೆಸಿದಳು.

“ತಾಯಿಯವರು ಭಾವುಕರಾಗಿದ್ದಾರೆ,” ಎಂದಿತು ಮೈಕು. “ಜೋರಾದ ಚಪ್ಪಾಳೆ ಬರಲಿ!”

ಚಪ್ಪಾಳೆ ಬಂತು. ಜೋರಾಗಿಯೇ ಬಂತು. ಸುತ್ತಲೂ ಮೊಬೈಲುಗಳು ಮೇಲೆದ್ದಿದ್ದವು.

ನಾನು ವೇದಿಕೆ ಹತ್ತಿ ಅವಳ ಕೈ ಹಿಡಿದೆ. “ನಡಿ ಅಕ್ಕಾ, ಹೋಗಮಿ,” ಎಂದೆ. ಅವಳು ಬರಲಿಲ್ಲ. “ಇವರಿಗ ಸುದ್ದಿ ಕೇಳಬೇಕಲ್ಲ,” ಎಂದು ಪಿಸುಗುಟ್ಟಿ, ಫೋಟೋವನ್ನು ಎದೆಗೆ ಮುಖ ಮಾಡಿ ಅವುಚಿಕೊಂಡು ಕುರ್ಚಿಯಲ್ಲಿ ಕುಳಿತಳು. ನಾನು ಅವಳ ಹಿಂದೆಯೇ ನಿಂತೆ.

ಚರ್ಚೆ ಶುರುವಾಯಿತು. ಮುಖಂಡರು ಚೆನ್ನಾಗಿಯೇ ಮಾತಾಡಿದರು. ಹೊಡೆಯದಿದ್ದರೆ ಮತ್ತೆ ಬರುತ್ತಾರೆ, ಪ್ರಜೆಗಳನ್ನು ಕಾಯಲಾರದ ಸರಕಾರ ಯಾಕಿರಬೇಕು ಎಂದರು. ಇದಕ್ಕೆ ಎದುರು ಹೇಳುವುದು ಸುಲಭವಲ್ಲ. ಆದರೆ ಕೊನೆಗೆ ಅಕ್ಕನ ಕಡೆ ಕೈ ತೋರಿಸಿ, “ಈ ತಾಯಿ ಕರುಳಿನ ಕುಡಿಯನ್ನೇ ದೇಶಕ್ಕೆ ಅರ್ಪಿಸಿದ್ದಾಳೆ. ಇನ್ನೂ ಮಕ್ಕಳಿದ್ದಿದ್ದರೆ ಅವರನ್ನೂ ಅರ್ಪಿಸುತ್ತಿದ್ದಳು!” ಎಂದು ಗುಡುಗಿದರು. ಅವಳನ್ನು ಕೇಳಿದವರು ಯಾರು?

ಪ್ರೊಫೆಸರಾದರೂ ಮನುಷ್ಯರ ಹಾಗೆ ಮಾತಾಡಿಯಾರು ಎಂದುಕೊಂಡಿದ್ದೆ. ಬಾಂಬಿಗೆ ಉಗ್ರ ಯಾರು, ಅವನ ಪಕ್ಕದ ಮನೆಯವನು ಯಾರು ಗೊತ್ತಾಗುವುದಿಲ್ಲ, ಸತ್ತವನ ತಮ್ಮ ನಾಳೆ ಬಂದೂಕು ಹಿಡಿಯುತ್ತಾನೆ, ಪೊಲೀಸು, ಗೂಢಚಾರರು, ಮಾತುಕತೆ, ಇವೆಲ್ಲ ನಿಧಾನವಾದರೂ ಗಟ್ಟಿ ದಾರಿ ಎಂದರು. ಅದೂ ಸುಳ್ಳಲ್ಲ. ಅಷ್ಟಕ್ಕೇ ನಿಲ್ಲಿಸಬಾರದೇ? ಅವರೂ ಅಕ್ಕನ ಕಡೆಗೇ ಕೈ ತೋರಿಸಿದರು. “ನೋಡಿ ಈ ತಾಯಿಯ ಮಡಿಲನ್ನು. ನಿಮ್ಮ ಯುದ್ಧ ಅವಳಿಗೆ ಉಳಿಸುವುದು ಒಂದು ಫೋಟೋ ಮಾತ್ರ!” ಇದಕ್ಕೂ ಚಪ್ಪಾಳೆ. ಇಬ್ಬರ ವಾದವೂ ನಮ್ಮ ಹುಡುಗ ಸತ್ತರೇ ಗೆಲ್ಲುವಂಥದ್ದು. ಅಲ್ಲಿ ಅವನು ಬದುಕಿರಲಿ ಎಂದು ಬಯಸುವವರು ನಾವಿಬ್ಬರೇ ಅನ್ನಿಸಿ ನನಗೆ ಅಳು ಬಂತು.

ಶಾಲು, ಹಣ್ಣಿನ ಬುಟ್ಟಿ ಆದ ಮೇಲೆ ಅಕ್ಕ ಮುಖಂಡರ ಹತ್ತಿರ ಹೋದಳು. “ಸಾಹೇಬ್ರ, ನನ್ನ ಮಗನ ಫೋನ್ ಹತ್ತವಲ್ದು. ಸ್ವಲ್ಪ ಕೇಳಿ ಹೇಳ್ತೀರೇನ್ರಿ?” ಅವರು ಅವಳ ತಲೆಯ ಮೇಲೆ ಕೈಯಿಟ್ಟರು. “ಧೈರ್ಯ ಇರಲಿ ತಾಯಿ,” ಎಂದವರೇ, ಕಾಳಗಿಯಲ್ಲಿ ಇನ್ನೊಂದು ಕಾರ್ಯಕ್ರಮ ಇದೆ ಎಂದು ಕಾರು ಹತ್ತಿದರು.

ನಾನು ರಜೆ ಹಾಕಿ ರಾವೂರಿನಲ್ಲೇ ಉಳಿದೆ. ಅಕ್ಕ ಆ ಫೋಟೋವನ್ನು ಗೋಡೆಗೆ ಹಾಕಲಿಲ್ಲ, ಹಾಸಿಗೆಯ ನಡುವೆ ಮುಚ್ಚಿಟ್ಟಳು. ಮರುದಿನ ಅವಳು ಅಂಗಳದಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಾಗ ಓಣಿಯ ತುದಿಯಿಂದ ಅಳು ಕೇಳಿಸಿತು. ಹಾಡಿಕೊಂಡು ಅಳುವ ಅಳು. ಸತ್ತವರ ಮನೆಗೆ ಬರುವ ಹೆಂಗಸರು ನಮ್ಮಲ್ಲಿ ಹಾಗೆ ಓಣಿಯಿಂದಲೇ ಶುರು ಮಾಡುತ್ತಾರೆ. ಅಕ್ಕ ಮೊರ ಹಿಡಿದುಕೊಂಡೇ, “ಯಾರ ಮನ್ಯಾಗ ಏನಾತ?” ಎಂದಳು. ಅಳು ಹತ್ತಿರ ಬಂತು. ಆಡಕಿಯಲ್ಲಿರುವ ಅವಳ ನಾದಿನಿ, ಜೊತೆಗೆ ನಾಲ್ಕಾರು ಹೆಂಗಸರು, ತಲೆಯ ಮೇಲೆ ರೊಟ್ಟಿ ಬುತ್ತಿಯ ಗಂಟು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವೆಂದು ನೆಂಟರು ತರುವ ಬುತ್ತಿ.

“ಎಲ್ಲಿ ಹೋದ್ಯೋ ನನ್ನಪ್ಪಾ, ನನ್ನ ಅಳಿಯಾ!” ಎಂದು ನಾದಿನಿ ಅಕ್ಕನ ಕೊರಳಿಗೆ ಬಿದ್ದಳು.

ತನಗೆ ಬಾರದ ಸುದ್ದಿ ಇವರಿಗೆ ಮೊದಲು ಬಂದಿದೆ ಎಂದು ಅಕ್ಕ ತಿಳಿದಳು. ಮತ್ತೇನು ತಿಳಿಯಬೇಕು? ಮೊರ ಕೈಜಾರಿತು, ಅವಳೂ ಅಲ್ಲೇ ಜೋಳದ ಮೇಲೆ ಕುಸಿದಳು. “ಯಾರು ಹೇಳಿದ್ರು ನಿಮಗ? ಯಾರು?” ಎಂದು ನಾದಿನಿಯ ಭುಜ ಹಿಡಿದು ಅಲ್ಲಾಡಿಸಿದೆ. ಅವಳು ಮೊಬೈಲು ತೆಗೆದು ತೋರಿಸಿದಳು. ಕಲ್ಯಾಣ ಮಂಟಪದ ವಿಡಿಯೋ. ಅಕ್ಕನ ಕೈಯಲ್ಲಿ ಹೂವಿನ ತಟ್ಟೆ, ಎದುರಿಗೆ ಕುಂಕುಮ ಹಚ್ಚಿದ ಫೋಟೋ, ಕೈಮುಗಿದು ನಿಂತ ಸಾಲು, ಹಿಂದೆ ಶೋಕದ ಶಹನಾಯಿ. ಅಕ್ಕ ತಟ್ಟೆ ಕೆಳಗಿಟ್ಟದ್ದು ಅದರಲ್ಲಿ ಇರಲಿಲ್ಲ. ಆಡಕಿಯವರಿಗೆಲ್ಲ ಅದು ತಲುಪಿತ್ತು, ಅವರು ಅತ್ತು, ರೊಟ್ಟಿ ಬಡಿದು, ಟಂಟಂ ಆಟೋ ಹಿಡಿದು ಬಂದಿದ್ದರು. ಅವರ ತಪ್ಪೇನು? ನೋಡಿದರೆ ನಾನೂ ನಂಬುತ್ತಿದ್ದೆ.

ಅಕ್ಕನಿಗೆ ನೀರು ತಟ್ಟಿ, ಇದು ಮಂಟಪದ್ದೇ ವಿಡಿಯೋ, ಹೊಸ ಸುದ್ದಿ ಏನೂ ಇಲ್ಲ ಎಂದು ತಿಳಿಸುವಷ್ಟರಲ್ಲಿ ಸಾಕಾಯಿತು. ನಾದಿನಿ ಬಾಯಿ ಬಡಿದುಕೊಂಡು ತಪ್ಪಾಯಿತೆಂದು ಕಾಲಿಗೆ ಬಿದ್ದಳು. ಆ ಬುತ್ತಿಯನ್ನು ಎಮ್ಮೆಗೂ ಹಾಕಬೇಡ ಎಂದಳು ಅಕ್ಕ. ಸಂಘದವರಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. “ನಮ್ಮ ಕಾರ್ಯಕ್ರಮ ಭಾಳ ವೈರಲ್ ಆಗ್ಯಾದ್ರಿ ಮೇಡಂ,” ಎಂದಿತು ಆ ಕಡೆಯ ದನಿ. ಥೂ!

ಕೆಲವು ದಿನ ಕಳೆದು ಒಂದು ಮಧ್ಯಾಹ್ನ ಅಕ್ಕನ ಸೆರಗಿನಲ್ಲಿ ಫೋನು ಬಡಿದುಕೊಂಡಿತು. ನಾನೇ ಗಂಟು ಬಿಚ್ಚಿ, ಸ್ಪೀಕರ್ ಹಾಕಿ, ಹಲೋ ಎಂದೆ.

“ಚಿಗವ್ವಾ, ನಾ ಆರಾಮಿದ್ದೀನಿ. ಫೋನ್ ಬಂದ್ ಇಡ್ರಿ ಅಂದಿದ್ರು. ಅವ್ವ ಎಲ್ಲಿ?”

ಅಕ್ಕ ಫೋನಿನ ಹತ್ತಿರ ಬಾಯಿ ತಂದಳು. ಅವಳ ಉಸಿರು ಅವನಿಗೆ ಕೇಳಿಸಿರಬೇಕು.

“ಅವ್ವಾ, ಆ ವಿಡಿಯೋ ನನಗೂ ಬಂದದ. ಇಲ್ಲಿ ಎಲ್ಲಾರೂ ನೋಡ್ಯಾರ.” ಆಮೇಲೆ, ಗುಂಡಿನ ನಡುವೆ ಇದ್ದು ಬಂದ ಆ ಆಳು, ಚಿಕ್ಕಂದಿನಲ್ಲಿ ಹುಷಾರಿಲ್ಲದಾಗ ಕೇಳುತ್ತಿದ್ದಂಥ ದನಿಯಲ್ಲಿ ಕೇಳಿದ: “ನೀ ನನಗ ಹೂ ಹಾಕಿದೇನವ್ವಾ?”

“ಇಲ್ಲ ನನ್ನಪ್ಪಾ,” ಎಂದಳು ಅಕ್ಕ. “ಹಾಕಿಲ್ಲ. ಮಂದಿ ಕೈಯಾಗ ಕೊಟ್ರು, ನಾ ಹಾಕಿಲ್ಲ.”

“ಖರೇನಾ?”

“ಖರೆ. ನಿನ್ನಾಣಿ ಹಾಕಿಲ್ಲ.”

ಲೈನು ಕಡಿದುಹೋಯಿತು. ಅಕ್ಕ ಆ ಸುಮ್ಮನಾದ ಫೋನಿಗೆ ಇನ್ನೂ ಹೇಳುತ್ತಲೇ ಇದ್ದಳು, ಹಾಕಿಲ್ಲಪ್ಪ, ನಾ ಹಾಕಿಲ್ಲ.